ಕಳ್ಳಿ ಗಿಡದ ಹಾನಿ ಹಾಗೂ ಕೀಟಬಾಧೆ: ಮಳೆನಾಡಿನ ಅಂಚಿನಲ್ಲಿ ಒಣನಾಡಿನ ಸರಕು

ಉದ್ಯಮಬಾಗದ ಕಾರ್ಖಾನೆಗಳ ಕಚೇರಿಗಳಲ್ಲಿ, ಖಡೇಬಜಾರದ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಟಿಳಕವಾಡಿಯ ಮನೆಗಳ ತಾರಸಿಯ ಮೇಲೆ ಕಳ್ಳಿ ಗಿಡದ ಪುಟ್ಟ ಕುಂಡ ಕಾಣಸಿಗುವುದು ಈಗ ಸಾಮಾನ್ಯ ಸಂಗತಿ. ಜಾಗ ಕಡಿಮೆ ಸಾಕು, ನಿತ್ಯ ನೀರುಣಿಸುವ ಚಿಂತೆಯಿಲ್ಲ, ರಜೆಯ ಮೇಲೆ ಹೋದರೂ ಗಿಡ ಬಾಡುವುದಿಲ್ಲ ಎಂಬ ಕಾರಣಗಳಿಂದ ಇದು ಉಡುಗೊರೆಯ ಸರಕಾಗಿಯೂ ಬೆಳೆದಿದೆ. ನರ್ಸರಿಗಳಲ್ಲದೆ ಮನೆಯ ತಾರಸಿಯಲ್ಲಿಯೇ ಮರಿಗಳನ್ನು ಎಬ್ಬಿಸಿ ಮಾರುವ ಸಣ್ಣ ಉದ್ಯಮಿಗಳೂ ಇದ್ದಾರೆ. ಆದರೆ ಈ ವ್ಯಾಪಾರದ ಲೆಕ್ಕಪುಸ್ತಕದಲ್ಲಿ ಒಂದು ವಿಚಿತ್ರ ಉಂಟು. ಬೇಸಿಗೆಯಲ್ಲಿ ಕೊಂಡು ತಂದ ದಾಸ್ತಾನಿನಲ್ಲಿ ಒಂದಷ್ಟು ಭಾಗ ಆಷಾಢ, ಶ್ರಾವಣಗಳಲ್ಲಿ ಬುಡ ಕೊಳೆತು ತಿಪ್ಪೆ ಸೇರುತ್ತದೆ. ಉಳಿದದ್ದರಲ್ಲಿ ಮತ್ತಷ್ಟು ದಸರೆಯ ಹೊತ್ತಿಗೆ ಮೈಮೇಲೆ ಕಲೆ ಬಿದ್ದು, ರೋಗ ತಗುಲಿದೆಯೆಂಬ ಅನುಮಾನಕ್ಕೆ ಗುರಿಯಾಗಿ ಅದೇ ಹಾದಿ ಹಿಡಿಯುತ್ತದೆ. ಈ ಎರಡನೆಯ ಗುಂಪಿನ ಗಿಡಗಳಿಗೆ ಬಹುಮಟ್ಟಿಗೆ ಯಾವ ರೋಗವೂ ಇರುವುದಿಲ್ಲ. ಔಷಧಕ್ಕಿಂತ ಮೊದಲು ರೋಗನಿದಾನ ಸರಿಯಾಗಬೇಕು ಎಂಬುದು ಮನುಷ್ಯರಿಗೆ ಹೇಗೋ ಕಳ್ಳಿಗೂ ಹಾಗೆಯೇ. ಆ ದೃಷ್ಟಿಯಿಂದ ಈ ಲೇಖನ.

ಯಾವುದು ಕಳ್ಳಿ?

ನಮ್ಮ ಆಡುಮಾತಿನಲ್ಲಿ ಮುಳ್ಳಿರುವ ರಸಭರಿತ ಗಿಡವೆಲ್ಲ ಕಳ್ಳಿಯೇ. ಹೊಲದ ಬದುವಿನ ಮೇಲೆ ತಲೆತಲಾಂತರದಿಂದ ಬೇಲಿಯಾಗಿ ನಿಂತಿರುವ ಹಾಲುಗಳ್ಳಿಗಳು ಯೂಫೋರ್ಬಿಯಾ ಕುಲಕ್ಕೆ ಸೇರಿದವು. ಗೀರಿದರೆ ಬಿಳಿ ಹಾಲು ಸುರಿಯುತ್ತದೆ, ಅದು ಕಣ್ಣಿಗೆ ತಗುಲಿದರೆ ಅಪಾಯಕರ. ಸಸ್ಯಶಾಸ್ತ್ರಜ್ಞರು ಕ್ಯಾಕ್ಟಸ್ ಎಂದು ಕರೆಯುವ ಗಿಡಗಳು ಮೂಲತಃ ಅಮೆರಿಕ ಖಂಡಗಳವು. ಇವುಗಳಲ್ಲಿ ಮುಳ್ಳುಗಳು ಗಾದಿಯಂತಹ ಪುಟ್ಟ ಗುಬುಟಿನಿಂದ ಗೊಂಚಲಾಗಿ ಹೊರಡುತ್ತವೆ. ಸಾಮಾನ್ಯವಾಗಿ ರಸ ನೀರಿನಂತೆ ತಿಳಿಯಾಗಿರುತ್ತದೆ. ನಮ್ಮ ಹಳ್ಳಿಗಳ ಡಬ್ಬಗಳ್ಳಿ ಅಥವಾ ಪಾಪಾಸುಕಳ್ಳಿ ಹೀಗೆ ಸಮುದ್ರ ದಾಟಿ ಬಂದದ್ದು. ಈಚೆಗೆ ನಮ್ಮ ರಾಜ್ಯದ ರೈತರು ಕೈಗೆತ್ತಿಕೊಂಡಿರುವ ಡ್ರ್ಯಾಗನ್ ಹಣ್ಣಿನ ಬಳ್ಳಿಯೂ ಕ್ಯಾಕ್ಟಸ್ಸೇ. ಅನೇಕರಿಗೆ ಆಶ್ಚರ್ಯವಾಗಬಹುದು, ಮಳೆಗಾಲದ ರಾತ್ರಿ ಅರಳಿ ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂಡಿಸುವ, ನಾವು ಬ್ರಹ್ಮಕಮಲವೆಂದು ಪೂಜಿಸುವ ಗಿಡವೂ ಒಂದು ಕ್ಯಾಕ್ಟಸ್. ಅದರ ಶಾಸ್ತ್ರೀಯ ಹೆಸರು ಎಪಿಫಿಲಂ ಆಕ್ಸಿಪೆಟಲಂ. ಹಿಮಾಲಯದ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈ ಭೇದವನ್ನು ಇಲ್ಲಿ ಹೇಳಲು ಕಾರಣವಿದೆ. ಬ್ರಹ್ಮಕಮಲವು ಕಾಡಿನ ಮರಗಳ ಕೊಂಬೆಯ ಮೇಲೆ ನೆರಳಿನಲ್ಲಿ, ತೇವದಲ್ಲಿ ಬೆಳೆಯುವ ಜಾತಿ. ಆದ್ದರಿಂದ ಖಾನಾಪುರದ ಮಳೆಯಲ್ಲಿಯೂ ಅದು ನಗುನಗುತ್ತ ಇರುತ್ತದೆ. ಅದರ ಪಕ್ಕದಲ್ಲಿಯೇ ಇಟ್ಟ ಮೆಕ್ಸಿಕೋದ ಗುಂಡುಗಳ್ಳಿಗೆ ಅದೇ ಮಳೆ ಮರಣಶಾಸನವಾಗುತ್ತದೆ. ಎರಡಕ್ಕೂ ಒಂದೇ ಉಪಚಾರ ಮಾಡುವವರು ಒಂದನ್ನು ಕಳೆದುಕೊಳ್ಳುವುದು ಖಚಿತ.

ಇಪ್ಪತ್ತಾರು ಕಿಲೋಮೀಟರಿನ ಅಂತರ

ಬೆಳಗಾವಿ ನಗರದಿಂದ ಖಾನಾಪುರ ಪಟ್ಟಣಕ್ಕೆ ಸುಮಾರು 26 ಕಿ.ಮೀ. ಅಂತರ. ಈ ಅಂತರದಲ್ಲಿಯೇ ಮಳೆಯ ಪ್ರಮಾಣ ಗಣನೀಯವಾಗಿ ಏರುತ್ತದೆ. ಇನ್ನೂ ಪಶ್ಚಿಮಕ್ಕೆ ಹೋಗಿ ಜಾಂಬೋಟಿಯನ್ನು ದಾಟಿ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯನ್ನು ತಲುಪಿದರೆ ಅಲ್ಲಿ ಬೀಳುವ ಮಳೆ ಬೆಳಗಾವಿಯ ಮಳೆಯ ಎರಡು ಪಟ್ಟಿಗೂ ಹೆಚ್ಚು. ಇದೇ ಜಿಲ್ಲೆಯ ಪೂರ್ವಕ್ಕೆ, ಗೋಕಾಕ, ಸವದತ್ತಿಗಳ ಕಡೆಗೆ ಹೊರಟರೆ ಒಣಭೂಮಿ. ಕಳ್ಳಿಯ ಆರೈಕೆಯ ಬಗೆಗೆ ಪರಊರಿನ ಪುಸ್ತಕಗಳು ಹೇಳುವ ‘ವಾರಕ್ಕೊಮ್ಮೆ ನೀರು’ ಎಂಬ ಸೂತ್ರವನ್ನು ಈ ಮೂರೂ ಕಡೆ ಒಂದೇ ರೀತಿ ಅನ್ವಯಿಸುವುದು ಅವಿವೇಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರದ ಗಾಳಿಯೇ ಒದ್ದೆ. ಸೂರೆಯ ಕೆಳಗಿಟ್ಟ ಗುಂಡುಗಳ್ಳಿಗೆ ಆ ದಿನಗಳಲ್ಲಿ ಒಂದು ಲೋಟ ನೀರೂ ಹೆಚ್ಚು. ಬೆಳಗಾವಿ ನಗರದಲ್ಲಿಯೂ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೀರನ್ನು ಬಹುತೇಕ ನಿಲ್ಲಿಸಿಬಿಡುವುದು ಲೇಸು. ಗಿಡ ತುಸು ಸುಕ್ಕುಗಟ್ಟಿದರೆ ಗಾಬರಿಯಾಗಬೇಕಾಗಿಲ್ಲ. ಸುಕ್ಕುಗಟ್ಟಿದ ಗಿಡ ನೀರುಂಡರೆ ಚೇತರಿಸಿಕೊಳ್ಳುತ್ತದೆ, ಕೊಳೆತದ್ದು ಚೇತರಿಸಿಕೊಳ್ಳುವುದಿಲ್ಲ.

ಕುಂಡ ಮತ್ತು ಮಣ್ಣು

ಈ ಮಳೆನಾಡಿನಲ್ಲಿ ಕಳ್ಳಿಯನ್ನು ಕಾಯುವ ಮೊದಲ ಉಪಕರಣವೂ ಖಾನಾಪುರದಲ್ಲಿಯೇ ತಯಾರಾಗುತ್ತದೆ ಎಂಬುದು ನಮ್ಮ ಭಾಗ್ಯ. ಅಲ್ಲಿಯ ಜೇಡಿಮಣ್ಣು, ಹೆಂಚು ಹಾಗೂ ಮಡಕೆಗಳ ಖ್ಯಾತಿ ಹಳೆಯದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಅಲ್ಲಿಯೇ ನೆಲೆಗೊಂಡಿದೆ. ಸುಟ್ಟ ಮಣ್ಣಿನ ಬರಿ ಕುಂಡದ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಒಳಗಿನ ತೇವ ಅವುಗಳ ಮೂಲಕ ಹೊರಗೆ ಆರಿಹೋಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರನ್ನು ತಂಪುಗೊಳಿಸುವ ಗುಣವೇ ಮಳೆಗಾಲದಲ್ಲಿ ಕಳ್ಳಿಯ ಬೇರನ್ನು ಉಳಿಸುವ ಗುಣ. ಆದರೆ ಪೇಟೆಯಲ್ಲಿ ಕುಂಡಗಳಿಗೆ ಒಳಗೂ ಹೊರಗೂ ಕೆಂಪು ಎಣ್ಣೆಬಣ್ಣ ಬಳಿದು ಹೊಳಪು ಕೊಟ್ಟು ಮಾರುವ ರೂಢಿ ಬಂದಿದೆ. ಬಣ್ಣ ಬಳಿದ ಕೂಡಲೇ ಆ ರಂಧ್ರಗಳು ಮುಚ್ಚಿ, ಮಣ್ಣಿನ ಕುಂಡಕ್ಕೆ ಹಣ ಕೊಟ್ಟು ಪ್ಲಾಸ್ಟಿಕ್ಕಿನ ಕುಂಡ ಕೊಂಡಂತಾಗುತ್ತದೆ. ಖಾನಾಪುರದ ಕುಂಬಾರರು ತಳದಲ್ಲಿ ಅಗಲವಾದ ತೂತುಳ್ಳ, ಬಣ್ಣವಿಲ್ಲದ ಸಣ್ಣ ಕುಂಡಗಳನ್ನು ‘ಕಳ್ಳಿಯ ಕುಂಡ’ ಎಂದೇ ಹೆಸರಿಟ್ಟು ಮಾರಿದರೆ ಒಳ್ಳೆಯ ಮಾರುಕಟ್ಟೆ ಇದೆ ಎಂಬುದು ನಮ್ಮ ಅಭಿಪ್ರಾಯ. ಅಂದಹಾಗೆ, ಇಂಥ ಕುಂಡದ ಹೊರಮೈಯಲ್ಲಿ ಕಾಣುವ ಬಿಳಿ ಪುಡಿ ಬೂಷ್ಟಲ್ಲ, ನೀರಿನಲ್ಲಿದ್ದ ಲವಣ ಹೊರಬಂದದ್ದು. ಅದಕ್ಕೆ ಔಷಧ ಹೊಡೆಯುವುದು ವ್ಯರ್ಥ.

ಮಣ್ಣಿನ ವಿಷಯದಲ್ಲಿ ಎರಡು ಮಾತು. ಹೊರಗಿನ ನರ್ಸರಿಗಳಿಂದ ಬರುವ ಗಿಡಗಳು ಬಹಳ ಸಲ ಬರಿಯ ತೆಂಗಿನ ನಾರಿನ ಪುಡಿಯಲ್ಲಿರುತ್ತವೆ. ಸಾಗಾಣಿಕೆಗೆ ಅದು ಹಗುರ, ನಿಜ. ನಮ್ಮ ಮಳೆಯಲ್ಲಿ ಮಾತ್ರ ಅದು ಒದ್ದೆ ಅರಿವೆಯಂತೆ ಬೇರಿಗೆ ಅಂಟಿಕೊಂಡಿರುತ್ತದೆ. ಮಳೆ ಹಿಡಿಯುವ ಮೊದಲೇ ಅದನ್ನು ಉದುರಿಸಿ, ಜರಡಿ ಹಿಡಿದ ಗರಸು, ಹೆಂಚಿನ ಅಥವಾ ಇಟ್ಟಿಗೆಯ ಚೂರು, ತೊಳೆದ ದಪ್ಪ ಮರಳು ಇವು ಅರ್ಧಕ್ಕಿಂತ ಹೆಚ್ಚಿರುವ ಮಿಶ್ರಣಕ್ಕೆ ಗಿಡವನ್ನು ವರ್ಗಾಯಿಸಬೇಕು. ಎಂ-ಸ್ಯಾಂಡ್ ಬಳಸುವುದಾದರೆ ಅದರ ಧೂಳನ್ನು ತೊಳೆದು ತೆಗೆಯುವುದು ಅವಶ್ಯ. ಎರಡನೆಯದು ನಮ್ಮ ಊರಿಗೇ ವಿಶಿಷ್ಟವಾದ ಎಚ್ಚರಿಕೆ. ಫೌಂಡ್ರಿಗಳ ಅಂಗಳದಲ್ಲಿ ಬಿದ್ದಿರುವ ಬಳಸಿದ ಅಚ್ಚಿನ ಮರಳು ಪುಕ್ಕಟೆ ಸಿಗುತ್ತದೆಂದು ಕುಂಡಕ್ಕೆ ತುಂಬಬಾರದು. ಅದರಲ್ಲಿ ಬೆಂಟೊನೈಟ್ ಜೇಡಿ ಹಾಗೂ ಕಲ್ಲಿದ್ದಲ ಪುಡಿ ಸೇರಿರುತ್ತವೆ. ಬೆಂಟೊನೈಟ್ ನೀರು ಹೀರಿ ಉಬ್ಬುವ ಪದಾರ್ಥ. ರಾಳದಿಂದ ಗಟ್ಟಿಗೊಳಿಸಿದ ಮರಳಾದರೆ ರಾಸಾಯನಿಕಗಳ ಅಂಶವೂ ಉಳಿದಿರುತ್ತದೆ. ಎರಕಕ್ಕೆ ಉತ್ತಮವಾದದ್ದು ಬೇರಿಗೆ ಉತ್ತಮವಾಗಬೇಕೆಂದಿಲ್ಲ.

ಕೊಳೆ: ಗುರುತು ಮತ್ತು ಶಸ್ತ್ರಚಿಕಿತ್ಸೆ

ಇಷ್ಟೆಲ್ಲ ಮಾಡಿದರೂ ಮಳೆಗಾಲದಲ್ಲಿ ಕೆಲವು ಗಿಡಗಳಿಗೆ ಕೊಳೆ ಹತ್ತುವುದುಂಟು. ಬುಡ ಮೆತ್ತಗಾಗುವುದು, ಬಣ್ಣ ಕಂದಾಗಿ ನೀರುಗುಳ್ಳೆಯಂತೆ ಕಾಣುವುದು, ಹಿಡಿದು ಅಲುಗಿಸಿದರೆ ಗಿಡ ತೂಗಾಡುವುದು, ದುರ್ವಾಸನೆ ಬರುವುದು ಇದರ ಲಕ್ಷಣಗಳು. ಕೊಳೆಯನ್ನು ತರುವ ಶಿಲೀಂಧ್ರ ಹಾಗೂ ಬ್ಯಾಕ್ಟೀರಿಯಗಳು ಗಾಯದ ಮೂಲಕ, ಇಲ್ಲವೆ ನೀರಿನಲ್ಲಿ ಉಸಿರುಕಟ್ಟಿ ಸತ್ತ ಬೇರಿನ ಮೂಲಕ ಒಳಗೆ ನುಗ್ಗುತ್ತವೆ. ಕೊಳೆ ಮೇಲಕ್ಕೇರುವ ವೇಗ ಅಂಜಿಕೆ ಹುಟ್ಟಿಸುವಂಥದು. ಆದ್ದರಿಂದ ‘ನಾಳೆ ನೋಡೋಣ’ ಎಂಬ ಮಾತು ಇಲ್ಲಿ ಸಲ್ಲದು.

ಹರಿತವಾದ ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಿ, ಕೊಳೆತ ಭಾಗಕ್ಕಿಂತ ಮೇಲೆ ಅಡ್ಡಲಾಗಿ ಕೊಯ್ಯಬೇಕು. ಕೊಯ್ದ ಮೈಯ ನಡುವೆ ಒಂದು ಉಂಗುರ ಕಾಣುತ್ತದೆ. ಅದು ಗಿಡದ ನಾಳಗಳ ಬಳೆ. ಆ ಉಂಗುರದಲ್ಲಿ ಕಿತ್ತಳೆ ಅಥವಾ ಕಂದು ಚುಕ್ಕೆ ಇದ್ದರೆ ಸೋಂಕು ಇನ್ನೂ ಮೇಲಿದೆ ಎಂದು ಅರ್ಥ. ಪ್ರತಿ ಬಾರಿಯೂ ಚಾಕುವನ್ನು ಒರೆಸಿ, ಉಂಗುರ ನಿಚ್ಚಳವಾಗುವವರೆಗೆ ತೆಳುವಾಗಿ ಕೊಯ್ಯುತ್ತ ಹೋಗಬೇಕು. ಒರೆಸದ ಚಾಕುವಿನಿಂದ ರೋಗವನ್ನು ನಾವೇ ಮೇಲಿನ ಆರೋಗ್ಯವಂತ ಭಾಗಕ್ಕೆ ಕೊಂಡೊಯ್ದಂತಾಗುತ್ತದೆ. ಬಳಿಕ ಗಾಯಕ್ಕೆ ಗಂಧಕದ ಪುಡಿ ಸವರಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಲು ಬಿಡಬೇಕು. ಸಣ್ಣ ತುಂಡಿಗೆ ಒಂದು ವಾರ, ಮುಷ್ಟಿಗಾತ್ರದ್ದಕ್ಕೆ ಎರಡು ಮೂರು ವಾರಗಳೇ ಬೇಕಾಗಬಹುದು. ಗಾಯ ಬೆಂಡಿನಂತೆ ಗಟ್ಟಿಯಾದ ಮೇಲೆ ಒಣ ಗರಸಿನ ಮೇಲೆ ಕೂಡಿಸಿ, ಬೇರು ಕಾಣಿಸುವವರೆಗೆ ನೀರು ಹಾಕದಿರುವುದು ಉತ್ತಮ. ಬೇಸಿಗೆಯಲ್ಲಿ ಇದು ಸುಲಭ. ಜುಲೈ ತಿಂಗಳಿನ ಖಾನಾಪುರದಲ್ಲಿ ಗಾಯ ಒಣಗುವುದೇ ಕಠಿಣವಾದ್ದರಿಂದ ಮೇಜಿನ ಪಂಖದ ಗಾಳಿ ಹಗಲು ರಾತ್ರಿ ತಗುಲುವಂತೆ ಇಡಬೇಕಾಗುತ್ತದೆ. ಅಂದವಾಗಿ ಕಾಣಲೆಂದು ತುದಿ ಕತ್ತರಿಸುವುದು, ಮರಿ ಬೇರ್ಪಡಿಸುವುದು, ಕಸಿ ಕಟ್ಟುವುದು ಮುಂತಾದ ಕೆಲಸಗಳನ್ನು ಆ ನಾಲ್ಕು ತಿಂಗಳು ಮುಂದೂಡಬೇಕು.

ಕೆಂಪು, ಹಳದಿ ತಲೆಯ ಕಸಿಗಳ್ಳಿಯ ವಿಷಯ ಬೇರೆ. ಆ ಬಣ್ಣದ ತಲೆಯಲ್ಲಿ ಹರಿತ್ತು ಇಲ್ಲ. ಅದು ಕೆಳಗಿನ ಹಸಿರು ಕಾಂಡದ ಅನ್ನ ತಿಂದು ಬದುಕುತ್ತದೆ. ಆ ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಹಣ್ಣಿನ ಬಳ್ಳಿಯ ಬಳಗದ್ದು. ಕಾಂಡ ಕೊಳೆತರೆ ತಲೆಯನ್ನು ಕೊಯ್ದು ಮಣ್ಣಿನಲ್ಲಿಟ್ಟು ಪ್ರಯೋಜನವಿಲ್ಲ, ಹೊಸ ಕಾಂಡಕ್ಕೆ ಕಸಿ ಮಾಡಿದರೆ ಮಾತ್ರ ಉಳಿದೀತು. ಚೆನ್ನಾಗಿ ನೋಡಿಕೊಂಡರೂ ಇದರ ಬಾಳಿಕೆ ಕೆಲವೇ ವರ್ಷ. ಇದನ್ನು ಗಿರಾಕಿಗೆ ಮಾರುವಾಗಲೇ ಹೇಳಿಬಿಡುವುದು ಮುಂದಿನ ಜಗಳವನ್ನು ತಪ್ಪಿಸುತ್ತದೆ. ಗುಂಡುಗಳ್ಳಿಯ ತಲೆಗೆ ಅಂಟಿನಿಂದ ಕಾಗದದ ಹೂ ಹಚ್ಚಿ ಮಾರುವ ಪದ್ಧತಿಯ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ: ಬಿಸಿ ಅಂಟು ಬೆಳೆಯುವ ತುದಿಯನ್ನು ಸುಡುತ್ತದೆ, ಅದನ್ನು ಕೀಳುವಾಗ ಆಗುವ ಗಾಯದಿಂದಲೇ ಕೊಳೆ ಪ್ರಾರಂಭವಾಗುತ್ತದೆ, ಮಾರಿದವನ ಹೆಸರೂ ಅದರ ಜೊತೆಗೆ ಕೆಡುತ್ತದೆ.

ರೋಗವಲ್ಲದ ಕಲೆಗಳು

ನಾಲ್ಕು ತಿಂಗಳು ಮೋಡದ ಮಬ್ಬಿನಲ್ಲಿ, ಅನೇಕ ಸಲ ಮನೆಯೊಳಗೆ ಇದ್ದ ಗಿಡವನ್ನು ಅಕ್ಟೋಬರಿನ ಮೊದಲ ಬಿಸಿಲು ಕಂಡೊಡನೆ ‘ಪಾಪ, ಬಿಸಿಲು ಕಾಯಲಿ’ ಎಂದು ತಾರಸಿಗೆ ಒಯ್ಯುವವರು ಬಹಳ. ಎರಡು ಮೂರು ದಿನಗಳಲ್ಲಿಯೇ ದಕ್ಷಿಣ ಅಥವಾ ಪಶ್ಚಿಮದ ಮೈ ಬಿಳಿಚಿ, ಹಳದಿಯಾಗಿ, ಆಮೇಲೆ ಒಣ ಕಂದು ತೊಗಟೆಯಾಗುತ್ತದೆ. ಇದು ಬಿಸಿಲಿನ ಸುಟ್ಟಗಾಯ. ಕಲೆ ಒಂದೇ ದಿಕ್ಕಿಗೆ ಇದೆ, ಮುಟ್ಟಿದರೆ ಗಟ್ಟಿಯಾಗಿದೆ, ಹರಡುತ್ತಿಲ್ಲ ಎಂದಾದರೆ ಇದೇ ಎಂದು ತಿಳಿಯಬಹುದು. ಕಲೆ ಮಾಯುವುದಿಲ್ಲ, ಗಿಡ ಸಾಯುವುದೂ ಇಲ್ಲ. ಎರಡು ಮೂರು ವಾರಗಳ ಕಾಲ ನೆರಳುಬಲೆಯ ಕೆಳಗೆ ಇಟ್ಟು, ಬೆಳಗಿನ ಎಳೆಬಿಸಿಲಿನಿಂದ ಕ್ರಮೇಣ ರೂಢಿ ಮಾಡಿಸುವುದೇ ಪರಿಹಾರ. ವಯಸ್ಸಾದ ಗಿಡದ ಬುಡ ಮರದಂತೆ ಕಂದಾಗುವುದು ಸಹಜ ಮುಪ್ಪು. ಅದೂ ಗಟ್ಟಿಯಾಗಿಯೇ ಇರುತ್ತದೆ. ಬೆಳಕು ಸಾಲದ ಕಚೇರಿಯಲ್ಲಿ ಗಿಡ ತಿಳಿಹಸಿರಾಗಿ, ತುದಿ ಮಾತ್ರ ಸೊಟ್ಟಗೆ ಸಣ್ಣದಾಗಿ ಚಾಚಿಕೊಳ್ಳುವುದು ಬೆಳಕಿನ ಹಸಿವು. ಗಟ್ಟಿ ಕಲೆಗೆ ಹೆದರಬೇಡಿ, ಮೆತ್ತನೆಯ ಕಲೆಯನ್ನು ನಂಬಬೇಡಿ ಎಂದು ಅಂಗಡಿಯ ಹುಡುಗರಿಗೆ ಕಲಿಸಿದರೆ ಅರ್ಧ ದಾಸ್ತಾನು ಉಳಿಯುತ್ತದೆ.

ಮುಳ್ಳಿನ ಬುಡದ ಬಿಳಿ ಹತ್ತಿ

ಕೀಟಗಳಲ್ಲಿ ಮೊದಲ ಸ್ಥಾನ ಹಿಟ್ಟು ತಿಗಣೆಯದು. ಮುಳ್ಳುಗಳ ಸಂದಿಯಲ್ಲಿ, ಏಣುಗಳ ನಡುವಿನ ಕಣಿವೆಯಲ್ಲಿ ಹತ್ತಿಯ ಎಳೆಯಂತೆ ಕಾಣುವ ಇದು ರಸ ಹೀರಿ ಗಿಡವನ್ನು ಸೊರಗಿಸುತ್ತದೆ. ಅದು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಬರುತ್ತವೆ, ಅದರ ಶತ್ರುಗಳನ್ನು ಓಡಿಸಿ ಕಾವಲು ಕಾಯುತ್ತವೆ. ಆದ್ದರಿಂದ ಕಳ್ಳಿಯ ಕುಂಡಕ್ಕೆ ಇರುವೆಯ ಸಾಲು ಹತ್ತಿದ್ದು ಕಂಡರೆ ಭೂತಗನ್ನಡಿ ಹಿಡಿದು ಹುಡುಕಬೇಕು. ಇದೇ ಕೀಟದ ಇನ್ನೊಂದು ಬಗೆ ಬೇರಿನಲ್ಲಿರುತ್ತದೆ. ಕಾರಣವಿಲ್ಲದೆ ಬೆಳವಣಿಗೆ ನಿಂತ ಗಿಡವನ್ನು ಕುಂಡದಿಂದ ಕಳಚಿ ನೋಡಿದರೆ ಬೇರಿಗೆ, ಕುಂಡದ ಒಳಮೈಗೆ ಸುಣ್ಣ ಚಿಮುಕಿಸಿದಂತೆ ಕಾಣುತ್ತದೆ.

ಕೆಲವೇ ಗಿಡಗಳಾದರೆ 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಒಂದೊಂದನ್ನೇ ಮುಟ್ಟಿ ಕೊಲ್ಲುವುದು ಅತ್ಯುತ್ತಮ. ದಾಸ್ತಾನು ದೊಡ್ಡದಾದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಬೆರೆಯಲು ಕೆಲವು ಹನಿ ಸೋಪಿನ ದ್ರವ ಕೂಡಿಸಿ ಸಂಜೆ ಸಿಂಪಡಿಸಬಹುದು. ಎಣ್ಣೆ ಬಿದ್ದ ಗಿಡ ಬಿಸಿಲಿಗೆ ಬೇಗ ಸುಡುತ್ತದೆ. ಬೂದುನೀಲಿ ಮೇಣದ ಲೇಪವಿರುವ ಜಾತಿಗಳ ಅಂದವೂ ಕೆಡುತ್ತದೆ. ಆದ್ದರಿಂದ ಮೊದಲು ಒಂದು ಗಿಡದ ಮೇಲೆ ಪರೀಕ್ಷಿಸುವುದು ಒಳಿತು. ಔಷಧ ಮೊಟ್ಟೆಗಳಿಗೆ ಅಷ್ಟಾಗಿ ತಾಗುವುದಿಲ್ಲವಾದ್ದರಿಂದ ಎಂಟು ಹತ್ತು ದಿನಗಳಿಗೊಮ್ಮೆ ಮೂರು ನಾಲ್ಕು ಸಲ ಪುನರಾವರ್ತಿಸಲೇಬೇಕು. ಒಮ್ಮೆ ಹೊಡೆದು ‘ಔಷಧ ಕೆಲಸ ಮಾಡಲಿಲ್ಲ’ ಎನ್ನುವವರು ಅದಕ್ಕೆ ಅವಕಾಶವನ್ನೇ ಕೊಟ್ಟಿರುವುದಿಲ್ಲ. ಹೊಲಕ್ಕೆಂದು ತಂದ ಘಾಟು ವಿಷಗಳನ್ನು ಮನೆಯೊಳಗೆ, ಅಂಗಡಿಯೊಳಗೆ ಬಳಸುವುದು ಸರ್ವಥಾ ಸಲ್ಲದು.

ಬೇಸಿಗೆಯ ಒಣ ಹವೆಯಲ್ಲಿ ಬರುವ ನುಸಿ ಬೇರೆ ಜಾತಿಯ ಶತ್ರು. ಎಳೆಯ ತುದಿಯ ಸುತ್ತ ತುಕ್ಕಿನಂತಹ ಬಣ್ಣ, ತೆಳುವಾದ ಬಲೆ ಕಾಣಿಸಿದರೆ ಅದೇ. ನುಸಿ ಕೀಟವಲ್ಲ, ಜೇಡನ ಬಳಗದ್ದು. ಕೀಟನಾಶಕಗಳಲ್ಲಿ ಹಲವು ಅದನ್ನು ಕೊಲ್ಲುವುದಿಲ್ಲ. ನೀರಿನಲ್ಲಿ ಕಲಸುವ ಗಂಧಕ ಅದಕ್ಕೆ ಮದ್ದು, ಸುಡುಬಿಸಿಲಿನ ದಿನ ಮಾತ್ರ ಬೇಡ. ಎಣ್ಣೆ ಸಿಂಪಡಿಸಿದ ಬೆನ್ನಿಗೂ ಬೇಡ. ಮಳೆಗಾಲದ ಬಸವನಹುಳುವನ್ನು ರಾತ್ರಿ ಬ್ಯಾಟರಿ ಹಿಡಿದು ಕೈಯಿಂದ ಆರಿಸುವುದಕ್ಕಿಂತ ಅಗ್ಗದ ಉಪಾಯವಿಲ್ಲ.

ಡಬ್ಬಗಳ್ಳಿಯ ಮೇಲೆ ಬರುವ ಬಿಳಿ ಹತ್ತಿಯದು ಒಂದು ದೊಡ್ಡ ವ್ಯಾಪಾರಿ ಇತಿಹಾಸ. ಅದನ್ನು ಬೆರಳಿನಿಂದ ಹೊಸಕಿದರೆ ಕಡುಗೆಂಪು ಬಣ್ಣ ಹತ್ತಿದರೆ ಅದು ಕೊಚಿನೀಲ್ ಕೀಟ. ಮೆಕ್ಸಿಕೋದಲ್ಲಿ ಈ ಕುಲದ ಒಂದು ಜಾತಿಯನ್ನು ಸಾಕಿ, ಒಣಗಿಸಿ ತೆಗೆಯುತ್ತಿದ್ದ ಬಣ್ಣ ಸ್ಪೇನ್ ದೇಶಕ್ಕೆ ಅಪಾರ ಸಂಪತ್ತು ತಂದಿತ್ತು. ಆ ಲಾಭಕ್ಕೆ ಆಸೆಪಟ್ಟ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲ್‌ನಿಂದ ಕಲ್ಕತ್ತೆಗೆ ಕೀಟವನ್ನು ತಂದನು. ಮದ್ರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ ಇದಕ್ಕಾಗಿ ಕಳ್ಳಿಯ ತೋಟವನ್ನೇ ಬೆಳೆಸಿದ್ದನು. ಆದರೆ ಬಂದದ್ದು ಬಣ್ಣದ ಕೀಟವಲ್ಲ, ಅದರ ಕಾಡುಜಾತಿಯ ದಾಯಾದಿ. ಬಣ್ಣ ಕೀಳುದರ್ಜೆಯದು, ವ್ಯಾಪಾರ ಕುದುರಲಿಲ್ಲ. ಕೀಟ ಮಾತ್ರ ಒಂದು ಜಾತಿಯ ಡಬ್ಬಗಳ್ಳಿಯನ್ನು ದೇಶದ ಬಹುಭಾಗದಲ್ಲಿ ತಿಂದು ತೇಗಿತು. ಸರಕಿನ ಜಾತಿಯನ್ನು ಪರೀಕ್ಷಿಸದೆ ತರಿಸಿಕೊಂಡ ಆಮದಿಗೆ ಇದಕ್ಕಿಂತ ಹಳೆಯ ಉದಾಹರಣೆ ಹುಡುಕುವುದು ಕಷ್ಟ. 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯನ್ನು, ಡ್ಯಾಕ್ಟಿಲೋಪಿಯಸ್ ಒಪಂಟಿಯೆಯನ್ನು, ಈ ಸಲ ಕಳೆಯನ್ನು ಕೊಲ್ಲುವ ಉದ್ದೇಶದಿಂದಲೇ ತರಲಾಯಿತು. ದಕ್ಷಿಣ ಭಾರತದ ಭೂಮಿಯನ್ನು ನುಂಗುತ್ತಿದ್ದ ಪಾಪಾಸುಕಳ್ಳಿ ಕೆಲವೇ ವರ್ಷಗಳಲ್ಲಿ ಹತೋಟಿಗೆ ಬಂದಿತು. ಅದೇ ಕೀಟ 2014ರಲ್ಲಿ ಮೊರಾಕೋ ದೇಶವನ್ನು ಹೊಕ್ಕು ಅಲ್ಲಿಯ ರೈತರು ಹಣ್ಣಿಗಾಗಿ ಬೆಳೆದ ಕಳ್ಳಿಯ ತೋಟಗಳನ್ನು ನಾಶಮಾಡಿತು. ನಮ್ಮ ಒಣಭೂಮಿಗಳಲ್ಲಿ ಮೇವಿಗೆಂದು ಮುಳ್ಳಿಲ್ಲದ ಕಳ್ಳಿಯನ್ನು ಬೆಳೆಸಲು ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಪ್ರೋತ್ಸಾಹ ನೀಡುತ್ತಿರುವಾಗ, 1926ರ ಆ ಅತಿಥಿ ಇನ್ನೂ ನಮ್ಮ ಬೇಲಿಗಳಲ್ಲಿ ಇದ್ದಾನೆ ಎಂಬುದನ್ನು ಸಂಬಂಧಪಟ್ಟವರು ನೆನಪಿನಲ್ಲಿಡಬೇಕು.

ಮಾರುವವರ ಹೊಣೆ

ಮನೆಗೆ ಕೀಟ ಬರುವುದು ಬಹುತೇಕ ಹೊಸ ಗಿಡದ ಜೊತೆಗೆ. ಕಾಲಿಂಪಾಂಗ್ ಮುಂತಾದ ದೂರದ ನರ್ಸರಿಗಳಿಂದ ಪಾರ್ಸೆಲ್ ತರಿಸುವವರು ಹೊಸ ದಾಸ್ತಾನನ್ನು ಹಳೆಯದರ ಜೊತೆಗೆ ಬೆರೆಸದೆ ಕನಿಷ್ಠ ಒಂದು ತಿಂಗಳು ಬೇರೆ ಇಡಬೇಕು, ಪ್ರತಿ ಗಿಡದ ಬೇರನ್ನು ಬಿಡಿಸಿ ನೋಡಬೇಕು, ದಾರಿಯಲ್ಲಿ ಆದ ಗಾಯ ಒಣಗುವವರೆಗೆ ನೀರು ಕೊಡಬಾರದು. ವಿದೇಶದಿಂದ ಗಿಡ ತರಿಸುವವರಿಗೆ 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಆಮದು ಪರವಾನಗಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಕ್ಯಾಕ್ಟಸ್ ಕುಟುಂಬ ಬಹುತೇಕ ಇಡಿಯಾಗಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ವ್ಯಾಪ್ತಿಗೂ ಒಳಪಟ್ಟಿದೆ. ಅಂಚೆಯ ಲಕೋಟೆಯಲ್ಲಿ ಗುಟ್ಟಾಗಿ ಬರುವ ಅಗ್ಗದ ಗಿಡ ಕಾನೂನಿಗೂ ತೋಟಕ್ಕೂ ದುಬಾರಿ.

ತಮಗೆ ಗುರುತು ಹತ್ತದ ಕಲೆ ಅಥವಾ ಕೀಟ ಹರಡುತ್ತಿದ್ದರೆ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ, ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇವುಗಳಲ್ಲಿ ವಿಚಾರಿಸಬಹುದು. ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ದರೆ ದಾರಿಯಲ್ಲಿಯೇ ಕೊಳೆತು ಯಾವುದು ಮೂಲರೋಗ, ಯಾವುದು ಆಮೇಲಿನದು ಎಂದು ತಿಳಿಯದಂತಾಗುತ್ತದೆ. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ನೀರು ಕೊನೆಗೆ ಯಾವಾಗ ಹಾಕಿದ್ದು, ಯಾವ ಔಷಧ ಹೊಡೆದದ್ದು, ಗಿಡ ಬಿಸಿಲಿನಲ್ಲಿತ್ತೋ ಮಳೆಯಲ್ಲಿತ್ತೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು.